ಒಂದು ಸಣ್ಣ ಪದದ ಹೊಣೆ: ಯಮುನಾ ಟೀಚರ ಮೂವತ್ತೆರಡು ವರ್ಷ

ಕೊಡಗಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವರು ಅನೇಕರಿದ್ದಾರೆ; ಆದರೆ ಆ ಭಾಷೆಯ ಕ್ರಿಯಾಪದಗಳ ಬೆನ್ನಿಗೆ ಅಂಟಿಕೊಂಡು ಅರ್ಥವನ್ನೇ ತಿರುಗಿಸಿಬಿಡುವ ಆಫ್, ಅಪ್, ಔಟ್, ವಿತ್ ಎಂಬ ಪುಟ್ಟ ಪದಗಳಿಗೆ ತಮ್ಮ ಬೋಧನೆಯ ಬಹುಪಾಲನ್ನು ಮುಡಿಪಿಟ್ಟವರು ಶ್ರೀಮತಿ ಯಮುನಾ ಅವರೊಬ್ಬರೇ ಎಂದರೆ ಸಹೋದ್ಯೋಗಿಗಳಾರೂ ಅಲ್ಲಗಳೆಯಲಾರರು. ಸಿದ್ದಾಪುರದ ಸಮೀಪದ ಪ್ರೌಢಶಾಲೆಯಿಂದ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸುವಾಗ, ಆ ಶ್ರದ್ಧೆ ಹುಟ್ಟಿದ ಬಗೆಯನ್ನೂ ಹೇಳಲೇಬೇಕು. "ಅದನ್ನ ಬಿಟ್ಟು ಬರೆಯೋದಾದ್ರೆ ನನ್ನ ಬಗ್ಗೆ ಬರೆಯೋದೇ ಬೇಡ" ಎಂದು ಈ ಸಂಚಿಕೆಯ ಸಂಪಾದಕ ಮಂಡಳಿಗೆ ಅವರೇ ತಾಕೀತು ಮಾಡಿದ್ದಾರೆ.

೧೯೯೩ರಲ್ಲಿ ಅವರು ಸೇವೆಗೆ ಸೇರಿದ್ದು ಸಮಾಜವಿಜ್ಞಾನದ ಶಿಕ್ಷಕಿಯಾಗಿ. ಇಂಗ್ಲಿಷಿನ ಹುದ್ದೆ ಖಾಲಿ ಬಿದ್ದಿತ್ತು. ಮುಖ್ಯೋಪಾಧ್ಯಾಯರಾದ ಚೆನ್ನಯ್ಯನವರು, "ನಿಮ್ಗೆ ಪಿಯುಸೀಲಿ ಇಂಗ್ಲಿಷಿಗೆ ಒಳ್ಳೆ ಮಾರ್ಕ್ಸ್ ಉಂಟಲ್ಲ, ನೀವೇ ತಗೊಳ್ಳಿ" ಎಂದರು; ಯಮುನಾ ಒಪ್ಪಿಕೊಂಡರು. ಶಾಲೆಗೆ ಇಂಗ್ಲಿಷ್ ಟೀಚರು ಬಂದಿದ್ದಾರೆಂಬ ಸುದ್ದಿ ತೋಟದ ಕಾರ್ಮಿಕರ ಲೈನ್‌ಮನೆಗಳನ್ನು ತಲಪಲು ತಡವಾಗಲಿಲ್ಲ.

ಎರಡನೆಯ ವರ್ಷ, ತೋಟದ ಕಾರ್ಮಿಕ ಕರಿಯ ಒಂದು ಕಾಗದ ಹಿಡಿದು ತರಗತಿಯ ಬಾಗಿಲಿಗೆ ಬಂದ. ಅವನ ಹೆಂಡತಿ ಮುತ್ತಿಯ ಎಡಗಣ್ಣಿನಲ್ಲಿ ಒತ್ತಡ ಏರಿ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಆಪರೇಷನ್ ಹದಿನಾಲ್ಕಕ್ಕೆ 'ಪುಟ್ ಆಫ್' ಆಗಿದೆ, ಅಂದರೆ ಆ ದಿನಕ್ಕೆ ಮುಂದೂಡಲಾಗಿದೆ, ಎಂದು ಕಾಗದದಲ್ಲಿತ್ತು. ದೀಪ ಆಫ್ ಮಾಡುವುದನ್ನಷ್ಟೇ ಬಲ್ಲ ಯಮುನಾ, ಪಾಠದ ಅವಸರದಲ್ಲಿ, "ಹದಿನಾಲ್ಕರ ಆಪರೇಷನ್ ಇಲ್ಲವಂತೆ ಕರಿಯಾ, ನಿಲ್ಲಿಸಿದ್ದಾರೆ" ಎಂದುಬಿಟ್ಟರು. ಒಂದು ಕ್ಷಣ ಅನುಮಾನ ಬಂದದ್ದು ನಿಜ. ಮಕ್ಕಳೆದುರು ತನಗೆ ಗೊತ್ತಿಲ್ಲವೆನ್ನಲು ಬಾಯಿ ಬರಲಿಲ್ಲ.

ಹದಿನಾಲ್ಕು ಕಳೆಯಿತು. ಮತ್ತೆ ಸರದಿ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಎಡಗಣ್ಣಿನ ದೃಷ್ಟಿ ಹೋಗಿತ್ತು. ವಿಷಯ ತಿಳಿದ ಸಂಜೆಯೇ ಯಮುನಾ ಲೈನ್‌ಮನೆಗೆ ಹೋಗಿ, ತಪ್ಪು ತನ್ನದೆಂದು ಹೇಳಿದರು. ಮುತ್ತಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಗೊತ್ತಿಲ್ಲಾಂದ್ರೆ ಗೊತ್ತಿಲ್ಲಾಂತ ಹೇಳ್ಬೇಕಿತ್ತು ಟೀಚರೇ. ನಾವು ಬೇರೆ ಯಾರತ್ರ ಆದ್ರೂ ಓದಿಸ್ತಿದ್ವಿ." ಆಕೆ ಮತ್ತೆ ಹೇಳಿದಳು: "ನನ್ನ ಮಗಳು ಶರ್ಮಿಳಾ ನಿಮ್ಮ ಕ್ಲಾಸಲ್ಲೇ ಇರೋದು. ಅವಳಿಗಾದ್ರೂ ಸರಿಯಾಗಿ ಕಲ್ಸಿ."

ಆ ಮಾತು ಅವರನ್ನು ಕೂರಗೊಡಲಿಲ್ಲ. ಬೇಸಿಗೆ ರಜೆಗಳಲ್ಲಿ ಮೈಸೂರಿಗೆ ಹೋಗಿ ಇಂಗ್ಲಿಷ್ ತರಬೇತಿ ಪಡೆದರು. ಬಸ್ಸಿನ ಫಲಕ, ತೋಟದ ನೋಟೀಸು, ಔಷಧದ ಚೀಟಿ, ಎಲ್ಲಿ ಇಂಥ ಜೋಡಿಪದ ಕಂಡರೂ ಬರೆದಿಟ್ಟುಕೊಂಡರು. ತರಗತಿಯಲ್ಲಿ ಕನ್ನಡದಿಂದಲೇ ಶುರುಮಾಡುತ್ತಿದ್ದರು: "ಕೈಹಿಡಿದ್ರೆ ಆಸರೆ, ಕೈಕೊಟ್ರೆ ಮೋಸ. ಕೈ ಒಂದೇ ಅಲ್ವಾ ಮಕ್ಳೇ?" ಪುಟ್ ಅಪ್ ಎಂದರೆ ತೂಗುಹಾಕುವುದು, ಅದಕ್ಕೆ ವಿತ್ ಸೇರಿತೋ, ಸಹಿಸಿಕೊಳ್ಳುವುದು. ಈ ಪಾಠವನ್ನು ಅರೆಬರೆ ಕಲಿತ ಹುಡುಗಿಯೊಬ್ಬಳು ಚೆನ್ನಯ್ಯನವರ ಬೀಳ್ಕೊಡುಗೆಯಲ್ಲಿ, ನಾವೆಲ್ಲ ಅವರೊಂದಿಗೆ ಸಂತೋಷದಿಂದ 'ಪುಟ್ ಅಪ್ ವಿತ್' ಆದೆವು ಎಂದು ಇಂಗ್ಲಿಷಿನಲ್ಲಿ ಓದಿದಾಗ, "ನಿಜವನ್ನೇ ಹೇಳಿದ್ದಾಳೆ ಬಿಡಿ" ಎಂದು ಚೆನ್ನಯ್ಯನವರೇ ಎಲ್ಲರಿಗಿಂತ ಮೊದಲು ನಕ್ಕರು.

ಶರ್ಮಿಳಾ ಹತ್ತನೆಯ ತರಗತಿಯಲ್ಲಿದ್ದಾಗ ಮುತ್ತಿಯ ಬಲಗಣ್ಣಿಗೂ ಅದೇ ಕಾಯಿಲೆ ತಗುಲಿ ದೃಷ್ಟಿ ಮಂಜಾಯಿತು. ಇಪ್ಪತ್ತೆಂಟಕ್ಕೆಂದು ಗೊತ್ತಾಗಿದ್ದ ಆಪರೇಷನ್ ಇಪ್ಪತ್ತೊಂದಕ್ಕೆ 'ಬ್ರಾಟ್ ಫಾರ್ವರ್ಡ್' ಎಂದು ಆಸ್ಪತ್ರೆಯಿಂದ ಕಾಗದ ಬಂತು. ತೋಟದ ಹಾಜರಿ ಬರೆಯುವ ರೈಟರ್ ಧರ್ಮೇಂದ್ರ ಅದನ್ನೋದಿ, "ಮುಂದಕ್ಕೆ ಹಾಕಿದ್ದಾರೆ. ಇಪ್ಪತ್ತೊಂದು ಅಂದ್ರೆ ಬರೋ ತಿಂಗಳದ್ದು" ಎಂದ. ಶರ್ಮಿಳಾ ಒಪ್ಪಲಿಲ್ಲ: "ಇಲ್ಲ ಅಣ್ಣಾ, ಫಾರ್ವರ್ಡ್ ಅಂದ್ರೆ ಇಲ್ಲಿ ಮೊದಲೇ ಅಂತ. ಟೀಚರ್ ಹೇಳಿಕೊಟ್ಟಿದ್ದಾರೆ." ಅಂದು ಹತ್ತೊಂಬತ್ತನೆಯ ತಾರೀಖು. ತಾಯಿ ಮಗಳು ಕಾಗದ ಹಿಡಿದು ಶಾಲೆಗೆ ಓಡಿಬಂದರು.

ಯಮುನಾ ಓದಿದರು. ಮಗಳು ಹೇಳಿದ್ದೇ ಸರಿಯಿತ್ತು. ಆದರೂ ಅವರು, "ನನ್ಗೆ ಹಾಗೇ ಅನ್ನಿಸ್ತದೆ ಮುತ್ತಿ. ಆದ್ರೆ ಕೇಳಿಯೇ ಹೇಳ್ತೇನೆ" ಎಂದು ಇಬ್ಬರನ್ನೂ ಕರೆದುಕೊಂಡು ಸಿದ್ದಾಪುರದ ಎಸ್‌ಟಿಡಿ ಬೂತಿಗೆ ನಡೆದರು. ಆಸ್ಪತ್ರೆಯವರು ನಾಡಿದ್ದೇ ಎಂದರು. ಮರುದಿನದ ಮೊದಲ ಬಸ್ಸಿಗೆ ಯಮುನಾ ತಾವೂ ಹತ್ತಿದರು. ಮುತ್ತಿಯ ಬಲಗಣ್ಣು ಉಳಿಯಿತು. ಕಟ್ಟು ಬಿಚ್ಚಿದ ಮೇಲೆ ಆಕೆ ಟೀಚರ ಮುಖವನ್ನು ಮೊದಲ ಬಾರಿ ಹತ್ತಿರದಿಂದ ದಿಟ್ಟಿಸಿ, "ಇಷ್ಟು ಸಣ್ಣ ಪ್ರಾಯವಾ ನಿಮ್ಗೆ!" ಎಂದಳಂತೆ.

ಶರ್ಮಿಳಾ ಇಂದು ಮಡಿಕೇರಿಯಲ್ಲಿ ದಾದಿ. ಯಮುನಾ ಅವರಿಗೆ ನಿವೃತ್ತಿಯೆಂಬುದು ಬಿಡುವಿನ ಮಾತಲ್ಲ. ತೋಟಗಳಿಗೆ ಈಗ ಅಸ್ಸಾಮಿನಿಂದ ಬಂದಿರುವ ಹೆಣ್ಣುಮಕ್ಕಳಿಗೆ ಶನಿವಾರ ಗ್ರಂಥಾಲಯದಲ್ಲಿ ಕನ್ನಡ, ಇಂಗ್ಲಿಷ್ ಕಾಗದ ಓದಿಹೇಳುವ ಕೆಲಸಕ್ಕೆ ಕೈಹಾಕಿದ್ದಾರೆ. ಅದಕ್ಕಾಗಿ ಆ ಹೆಣ್ಣುಮಕ್ಕಳಿಂದಲೇ ಅವರ ಭಾಷೆಯನ್ನು ಅಕ್ಷರದಿಂದ ಕಲಿಯುತ್ತಿದ್ದಾರೆ. ಅರವತ್ತರಲ್ಲಿ ಮತ್ತೆ ವಿದ್ಯಾರ್ಥಿನಿಯಾದ ಈ ಗುರುವಿಗೆ ನೂರು ತುಂಬಲಿ. ಆರೋಗ್ಯವೂ ಆ ಕಲಿಯುವ ಹುರುಪೂ ಜೊತೆಗಿರಲಿ. ಕಾಗದ ಹಿಡಿದು ಅವರ ಬಳಿ ಬಂದವರು ಯಾರೂ ತಿಳಿಯದೆ ಹಿಂದಿರುಗದಿರಲಿ.