ದೊಡ್ಡಪ್ಪನ ಕಾರಿಗೆ ರೇಡಿಯೋ ಕೂರಿಸಿದ್ದು

ನಮ್ಮ ಮೊಮ್ಮಗ ಎಲ್ಲಿಂದಲೋ ಒಂದು ಮುದಿ ಕಾರು ತಂದು, ಗೋಕುಲಂ ಮನೆಯ ಗೇಟಿನ ಬಳಿ ಅದಕ್ಕೆ ಸ್ಟೀರಿಯೋ ಕೂರಿಸುತ್ತಿದ್ದಾನೆ. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಕಿಟಕಿಯಿಂದ ಒಳಗೆ ಬಂತು. ಓದುತ್ತಿದ್ದ ಪೇಪರು ಕೆಳಗಿಟ್ಟೆ. ಕುಂಬಾರಕೊಪ್ಪಲಿನ ಎದುರುಮನೆ ದೊಡ್ಡಪ್ಪ ನೆನಪಾದರು…

ರಕ್ತಸಂಬಂಧವೇನಿಲ್ಲ, ಕರೆಯುತ್ತಿದ್ದುದು ಹಾಗೆ. ನಾನು ಮದುವೆಯಾಗಿ ಆ ಬೀದಿಗೆ ಬಂದಾಗ ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿರಬೇಕು. ಅವರು ಹಳೆಯ ಇಂಗ್ಲಿಷ್ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರ ಅನ್ನವೂ ಆ ಕಾರಿನದೇ.

"ರೇಡಿಯೋ ಇದ್ರೆ ಯಾದವಗಿರಿ ಬಂಗ್ಲೆಯೋರು ನನ್ನೇ ಕರೀತಾರೆ ಕಣಮ್ಮ" ಎನ್ನುತ್ತ ಒಂದು ದಿನ ಹಳೇ ಸೆಟ್ಟೊಂದನ್ನು ತಂದರು.

ಭಾನುವಾರ ಬೆಳಿಗ್ಗೆ ಬ್ಯಾಟರಿಯಿಂದ ಒಂದು ತಂತಿ ಎಳೆದು, ಇನ್ನೊಂದನ್ನು ಕಾರಿನ ತಗಡಿಗೆ ಬೆಸೆದು, ರೇಡಿಯೋ ಹಾಕಿದರು. ನಾಗಸ್ವರ ಬಂತು. ಬೀದಿಗೆ ಬೀದಿಯೇ ಹಿಗ್ಗಿತು. ಆಮೇಲೆ ಎಂಜಿನ್ ಚಾಲೂ ಮಾಡಿದರು. ನಾಗಸ್ವರವೇನೋ ನಡೆದೇ ಇತ್ತು. ದೊಡ್ಡಪ್ಪ ಮಾತ್ರ ಹುಬ್ಬು ಗಂಟಿಕ್ಕಿ, "ನಿಂತೋಯ್ತಲ್ಲ!" ಎಂದರು.

ತಮಾಷೆ ಎಂದುಕೊಂಡೆ. ಅವರು ತಂತಿ ಬಿಚ್ಚಿ ಮತ್ತೆ ಬೆಸೆದರು. ಎಂಜಿನ್ ನಿಲ್ಲಿಸಿದರೆ ಅವರಿಗೆ ಕೇಳುತ್ತಿತ್ತು, ಚಾಲೂ ಆದರೆ ಇಲ್ಲ. ಮಾರು ದೂರ ನಿಂತಿದ್ದ ನನಗೆ ಡೋಲಿನ ಪೆಟ್ಟೂ ಕೇಳುತ್ತಿತ್ತು. ಈಗಿನ ಜನ ಬಾಯಲ್ಲಿ ಕಡುಬು ತುಂಬಿಕೊಂಡು ಮಾತಾಡುತ್ತಾರೆ ಎಂದು ಅವರು ರೇಗುತ್ತಿದ್ದುದು ಏಕೆಂದು ಆಗ ಹೊಳೆಯಿತು. ಹಿಂದಿನ ಬಸ್ಸಿನ ಹಾರನ್ ಕೇಳದವರ ಕಾರನ್ನು ಯಾರು ಹತ್ತುತ್ತಾರೆ? ಹೇಳಿದರೆ ಅನ್ನ ಹೋಗುತ್ತದೆ, ಹೇಳದಿದ್ದರೆ ಪ್ರಾಣವೇ ಹೋದೀತು. ಇತ್ತ ದರಿ, ಅತ್ತ ಪುಲಿ. ನಾವೆಲ್ಲ ಮುಖ ಮುಖ ನೋಡಿಕೊಂಡೆವು.

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ರೇಡಿಯೋ ಆರಿಸಿದರು. "ಹಳೇ ಸೆಟ್ಟು, ಓಡ್ವಾಗ ಹಾಡಾಕಿಲ್ಲ, ಬುಡಿ. ನಾಳಿಂದ ನಾನೂ ಕಾರಲ್ಲಿ ಬತ್ತೀನಿ. ಮನೇಲಿ ಒಬ್ಳೇ ಕೂತು ಬೇಜಾರು."

ಬೀದಿಯ ಕೊನೆಯನ್ನೂ ದಾಟದ ಹೆಂಗಸು ಮುಂದಿನ ಸೀಟಿನಲ್ಲಿ ಕೂತರು. ಮುದಿ ಜೋಡಿಯ ಮೆರವಣಿಗೆ ಎಂದು ಜನ ನಕ್ಕರು. ಹಿಂದೆ ಹಾರನ್ ಆದರೆ ದೊಡ್ಡಮ್ಮ ಗಂಡನ ತೋಳು ಮುಟ್ಟುತ್ತಿದ್ದರು. ಗಿರಾಕಿ ಹೇಳಿದ್ದನ್ನು ತಾವೇ ಗಟ್ಟಿಯಾಗಿ ಮತ್ತೊಮ್ಮೆ ಹೇಳುತ್ತಿದ್ದರು. ಎಷ್ಟೋ ವರ್ಷ ಹೀಗೇ ನಡೆಯಿತು.

ಆಮೇಲೆ ದೊಡ್ಡಮ್ಮ ಜ್ವರ ಬಂದು ತೀರಿಕೊಂಡರು. ತಿಥಿ ಮುಗಿದ ಮೇಲೆ ಬಂಗಲೆಯೊಂದರಿಂದ ಬಾಡಿಗೆಗೆ ಹೇಳಿಕಳಿಸಿದ್ದರು. ನಾನೇ ಹೋಗಿ ದೊಡ್ಡಪ್ಪನ ಕಿವಿಯ ಬಳಿ ಕೂಗಿ ಹೇಳಿದೆ. ಅವರು ಕಾರಿನ ಕೀಲಿ ನನ್ನ ಮುಂದಿಟ್ಟರು.

"ನಿಮ್ಮೆಜಮಾನ್ರಿಗೆ ಹೇಳು, ಯಾರಿಗಾರ ಮಾರ್ಬುಡ್ಲಿ. ಅವಳು ತೋಳು ಮುಟ್ದೆ ಎಂಗೆ ಓಡ್ಸದು?"

ನಾನು ಕೀಲಿ ಕೈಗೆತ್ತಿಕೊಂಡೆ.

"ಅವತ್ತು ರೇಡಿಯೋ ಹಾಡ್ತಿತ್ತು ಅಂತ ನಂಗೊತ್ತು ಕಣಮ್ಮ. ನಿಮ್ ಮಕ ನೋಡೇ ತಿಳೀತು. ಅವಳು ಜೊತೇಲಿ ಬತ್ತೀನಿ ಅಂದ್ಲಲ್ಲ, ಸುಮ್ಕಾದೆ."

ಸಮಾಧಾನಕ್ಕೆ ಏನಾದರೂ ಹೇಳಬೇಕಿತ್ತು. ಮೆಲ್ಲಗೆ ಹೇಳಿದರೆ ಅವರಿಗೆ ಕೇಳುವುದಿಲ್ಲ, ಕೂಗಿ ಹೇಳುವಂಥ ಮಾತೂ ಅದಲ್ಲ.

ಇಬ್ಬರೂ ಹೋಗಿ ಎಷ್ಟು ಕಾಲವಾಯಿತೋ. ಹೊರಗೆ ಮೊಮ್ಮಗ "ಅಜ್ಜಿ, ಕೇಳಿಸ್ತಾ?" ಎನ್ನುತ್ತಿದ್ದಾನೆ. ಚೆನ್ನಾಗಿಯೇ ಕೇಳಿಸುತ್ತಿದೆ. ಎದ್ದು ಹೊರಗೆ ಹೋಗಿ ಅವನ ತೋಳು ಮುಟ್ಟಿದೆ.