ಹಗಲು ಹಚ್ಚಿದ ಗ್ಯಾಸಬತ್ತಿ

ಲೀಲಾಬಾಯಿಯವರು ನಮ್ಮ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದದ್ದು ಟೆಂಪರರಿ ನೌಕರಿಯ ಮೇಲೆ. ಆದರೆ ಅವರ ನಡಿಗೆ ನೋಡಿದರೆ ಟೆಂಪರರಿ ನಾವೇ ಅನಿಸುತ್ತಿತ್ತು. ಕಲಘಟಗಿಯಿಂದ ಕಾಡಿನ ಕಡೆ ಹೊರಟ ಬಸ್ಸು ಬಂದು ಹೊರಳುವ ಊರು ನಮ್ಮದು. ನಾನಲ್ಲಿ ಕನ್ನಡ ಮಾಸ್ತರ. ಹುಡುಗರ ಕಾಗುಣಿತ ತಪ್ಪಿದರೆ ನಾನು ಒಮ್ಮೊಮ್ಮೆ ನೋಡಿಯೂ ನೋಡದಂತೆ ಇದ್ದುಬಿಡುತ್ತಿದ್ದೆ. ಲೀಲಾಬಾಯಿಯವರು ಮಾತ್ರ ಯಾವುದನ್ನೂ ಬಿಟ್ಟವರಲ್ಲ.

ಎಪ್ಪತ್ನಾಲ್ಕರ ಆಷಾಢದಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಬೆಳಕು ಬಿದ್ದರೆ ಮಾತ್ರ ಹಸಿರೆಲೆ ಪಿಷ್ಟ ತಯಾರಿಸುತ್ತದೆ ಎಂಬುದನ್ನು ಬಾಯಿಯವರು ಅವರೆದುರು ಪ್ರಯೋಗ ಮಾಡಿ ತೋರಿಸಬೇಕು. ಸಾಹೇಬರು ಒಪ್ಪಿದರೆ ನೌಕರಿ ಕಾಯಂ, ಒಪ್ಪದಿದ್ದರೆ ಅವರ ಜಾಗಕ್ಕೆ ಇನ್ನೊಬ್ಬರು.

ಬಾಯಿಯವರು ದಾಸವಾಳದ ಕುಂಡವನ್ನು ಎರಡು ದಿನ ಸಾಮಾನಿನ ಕೋಣೆಯ ಕತ್ತಲಲ್ಲಿಟ್ಟರು. ಕತ್ತಲಲ್ಲಿ ಗಿಡ ತಾನು ಎಲೆಯಲ್ಲಿ ಕೂಡಿಟ್ಟ ಪಿಷ್ಟವನ್ನೆಲ್ಲ ಉಂಡು ಖಾಲಿ ಮಾಡುತ್ತದಂತೆ. ಆಮೇಲೆ ಒಂದು ಎಲೆಯ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ಬಿಸಿಲಿಗಿಡಬೇಕು. ಬೆಳಕು ಕಂಡ ಅರ್ಧದಲ್ಲಿ ಹೊಸ ಪಿಷ್ಟ ಹುಟ್ಟಿ, ಅಯೋಡಿನ್ ಬಿದ್ದರೆ ಕಪ್ಪುನೀಲಿಯಾಗುತ್ತದೆ. ಮುಚ್ಚಿದ ಅರ್ಧ ಆಗುವುದಿಲ್ಲ. ಎಲ್ಲ ಸರಿ, ಬಿಸಿಲೆಲ್ಲಿ? ಹದಿನೈದು ದಿನಗಳಿಂದ ಜಿಟಿಜಿಟಿ ಮಳೆ. ಮೊದಲು ಮಾಡಿ ನೋಡಿದ ಎಲೆ ನೀಲಿಯಾಯಿತೋ ಇಲ್ಲವೋ ಹೇಳಲು ಬಾರದಂತಿತ್ತು.

ಹೆಡ್‌ಮಾಸ್ತರ ಕುಬೇರಪ್ಪನವರು ನಮ್ಮಿಬ್ಬರನ್ನೂ ಕರೆದು ಬಾಗಿಲು ಮುಚ್ಚಿದರು. ಅವರದು ಇತಿಹಾಸ ವಿಷಯ.

"ಬಾಯಾರ, ಎಲಿಗೆ ಒಂದೀಟು ಅನ್ನದ ಗಂಜಿ ಸವರಿಬಿಡ್ರಿ. ಅದರಾಗೂ ಪಿಷ್ಟ ಇರ್ತೈತಂತ. ಅಗದಿ ಕರ್ರಗ ಆಕ್ಕೈತಿ."

"ಗಂಜಿ ಜಡ್ಡಾದವ್ರಿಗೆ ಕೊಡೂದ್ರಿ ಸರ. ಎಲಿಗೇನೂ ಜಡ್ಡಾಗಿಲ್ಲ. ಬೆಳಕಿಲ್ಲ ಅಷ್ಟ."

"ನೌಕ್ರಿ ಹೋಗ್ತೈತ್ರಿ."

"ಹೋದ್ರ ಹೋಗ್ಲಿ. ಸುಳ್ಳ ಎಲಿ ತೋರ್ಸಿ ನಾಳೆ ಹುಡುಗೂರ ಮುಂದ ಹೆಂಗ ನಿಲ್ಲಲಿ?"

ಅಷ್ಟಂದು ಕೊಡೆ ಬಿಚ್ಚಿಕೊಂಡು ಸೀದಾ ಹುಲಿಗೆಪ್ಪನ ಮನೆಗೆ ನಡೆದರು. ಹುಲಿಗೆಪ್ಪ ಲಗ್ನಗಳಿಗೆ ಪೆಟ್ರೋಮ್ಯಾಕ್ಸ್ ಗ್ಯಾಸಬತ್ತಿ ಬಾಡಿಗೆ ಕೊಡುವವನು. ಆಷಾಢದಲ್ಲಿ ಲಗ್ನವೆಲ್ಲಿಯದು, ಅವನ ಎರಡೂ ಬತ್ತಿಗಳು ಗೂಟಕ್ಕೆ ತೂಗಿಕೊಂಡಿದ್ದವು.

"ಹಗಲ ಹೊತ್ತಿನ್ಯಾಗ ಬತ್ತಿ ಹಚ್ಚಿದ್ರ ಮಂದಿ ನಗ್ತಾರಲ್ರಿ ಬಾಯಾರ?"

"ನಗ್ಲಿ. ಎರಡೂ ತಗೊಂಡು ಬರ್ರಿ."

ತಪಾಸಣೆಯ ದಿನ ನಸುಕಿನಿಂದಲೇ ಸಾಮಾನಿನ ಕೋಣೆಯಲ್ಲಿ ಎರಡು ಗ್ಯಾಸಬತ್ತಿ ಬುಸುಗುಟ್ಟುತ್ತಿದ್ದವು. ಕಾವು ತಾಗಿ ಎಲೆ ಬಾಡಬಾರದೆಂದು ಬಾಯಿಯವರು ನಡುವೆ ನೀರು ತುಂಬಿದ ಗಾಜಿನ ಬರಣಿಗಳನ್ನಿಟ್ಟಿದ್ದರು. ಬೆಳಕು ಮಾತ್ರ ದಾಟಿ ಬರುತ್ತಿತ್ತು. ಹುಲಿಗೆಪ್ಪ ದಣಿದಾಗ ನಾನೂ ಬತ್ತಿಗೆ ಗಾಳಿ ಹೊಡೆದೆ. ಖರೇ ಹೇಳಬೇಕೆಂದರೆ ನನಗೆ ಆಕೆಯ ನೌಕರಿಯ ಭಯ ಆಕೆಗಿಂತ ಹೆಚ್ಚಾಗಿತ್ತು. ಆಕೆ ಆರಾಮಾಗಿ ಕೂತು ಹುಡುಗರ ಪೇಪರು ತಿದ್ದುತ್ತಿದ್ದರು.

ಸಾಹೇಬರು ಮಧ್ಯಾಹ್ನ ಮಳೆಯಲ್ಲಿ ನೆನೆದುಕೊಂಡೇ ಬಂದರು. ಬಾಯಿಯವರು ಅವರೆದುರು ಕಾಗದ ತೆಗೆದು, ಎಲೆಯನ್ನು ಕುದಿನೀರಿಗೆ ಹಾಕಿದರು. ಆಮೇಲೆ ಬಿಸಿ ಸ್ಪಿರಿಟ್ಟಿನಲ್ಲಿಟ್ಟು ಹಸಿರೆಲ್ಲ ಇಳಿಸಿ, ಬಿಳಿ ಪಿಂಗಾಣಿ ಬಸಿಯಲ್ಲಿ ಹರವಿ ಅಯೋಡಿನ್ ಹನಿಸಿದರು. ಒಂದು ಅರ್ಧ ಕಪ್ಪುನೀಲಿಗೆ ತಿರುಗಿತು. ಇನ್ನೊಂದು ಅರ್ಧ ಮಾಸಿದ ಹಳದಿಯಾಗಿಯೇ ಉಳಿಯಿತು.

ಕುಬೇರಪ್ಪನವರು ನನ್ನ ಕಿವಿಯಲ್ಲಿ, "ಅರ್ಧ ಕೈ ಕೊಡ್ತಲ್ರಿ ಮಾಸ್ತರ. ಗಂಜಿ ಹಚ್ಚಿದ್ರ ಪೂರಾ ಬರ್ತಿತ್ತು," ಎಂದರು.

"ಬಿಸಲಿಲ್ಲದ ಇದು ಹೆಂಗ ಬಂತ್ರಿ?" ಸಾಹೇಬರು ಕೇಳಿದರು.

"ಗ್ಯಾಸಬತ್ತಿ ಹಚ್ಚಿದ್ವಿ. ಎಲಿಗೆ ಬೆಳಕು ಬೇಕು, ಎಲ್ಲಿಂದ ಬಂತು ಅಂತ ಅದು ಕೇಳೂದಿಲ್ಲ."

ಸಾಹೇಬರು ಬಸಿಯನ್ನು ಕಿಟಕಿಗೆ ಒಯ್ದು ಬಹಳ ಹೊತ್ತು ನೋಡಿದರು. ಕೊನೆಗೆ ಹಳದಿ ಅರ್ಧದ ಮೇಲೆ ಬೆರಳಿಟ್ಟರು.

"ಈ ಮಳಿಯಾಗ ಮೂರ್ನಾಲ್ಕು ಸಾಲಿ ನೋಡಿ ಬಂದೆ. ಎಲ್ಲಾ ಕಡೆ ಎಲಿ ಪೂರಾ ಕರ್ರಗ. ಕಾಗದ ಮುಚ್ಚಿದ್ದ ಜಾಗಾನೂ ಕರ್ರಗ. ಗಂಜಿಗೆ ಕಾಗದ ಎಲ್ಲಿತ್ತು ಅನ್ನೂದು ಹೆಂಗ ಗೊತ್ತಾಗಬೇಕು? ಈ ಹಳದಿ ನಾ ಕಂಡಿದ್ದು ಇಲ್ಲೇ ಮೊದಲು."

ಕುಬೇರಪ್ಪನವರು ಹಂಚು ಎಣಿಸುವವರಂತೆ ಮೇಲೆ ನೋಡತೊಡಗಿದರು.

ಲೀಲಾಬಾಯಿಯವರು ಕೈ ಒರೆಸಿಕೊಂಡು ತಪಾಸಣೆಯ ಪುಸ್ತಕವನ್ನೂ ಪೆನ್ನನ್ನೂ ಸಾಹೇಬರ ಮುಂದೆ ಹಿಡಿದರು. "ಹಂಗಾದ್ರ ಸಹಿ ಮಾಡ್ರಿ ಸಾಹೇಬ್ರ. ನನ್ನ ಪಾಠ ಇನ್ನಾ ಅರ್ಧ ಉಳದದ."