ಕುಶಲ ಕೇಳದೆ ಬಂದ ಒಗೊಬರಾ

ಬಂಡೆಗುಡ್ಡದ ಮೇಲಿನ ನೊಂಬೊರಿ ಎಂಬ ಊರಿನಲ್ಲಿ ಒಗೊಬರಾನ ಕಾಲು ಒಂದೆಡೆ ನಿಂತದ್ದನ್ನು ಕಂಡವರಿಲ್ಲ. ಅಲ್ಲಿ ಎದುರಾದವರೆಲ್ಲ ಮನೆ, ತಾಯಿ, ಮಕ್ಕಳು, ಆಡು ಎಂದು ಒಂದೊಂದರ ಕುಶಲ ಕೇಳಬೇಕು. ಜ್ವರದಲ್ಲಿ ನರಳುವವನೂ ಎಲ್ಲಕ್ಕೂ ‘ಚೆನ್ನಾಗಿದೆ’ ಎನ್ನಬೇಕು. ಬಂದ ಕೆಲಸದ ಮಾತು ಆಮೇಲೆ. ಒಗೊಬರಾನಿಗೆ ಅಷ್ಟು ಹೊತ್ತೂ ಮುಳ್ಳಿನ ಮೇಲೆ ನಿಂತ ಹಾಗೆ.

ಸಂತೆಯ ದಿನ ಬೆಳಿಗ್ಗೆ ಅವನ ಕತ್ತೆ ಕುಂಟತೊಡಗಿತು. ಗುಡ್ಡದ ಕೆಳಗೆ ಸಂತೆಯ ಲಾರಿಗೆ ಮುಟ್ಟಿಸಬೇಕಿದ್ದ ಈರುಳ್ಳಿ ಮೂಟೆಗಳು ಅಂಗಳದಲ್ಲೇ ಉಳಿದವು. ಅವನು ಗುಡ್ಡದ ಬುಡದ ಊರಿನಲ್ಲಿದ್ದ ತಂಗಿ ಯಾಪಿಲೆಯ ಮನೆಗೆ ಓಡಿ, ಬಾಗಿಲಲ್ಲೇ ಕೂಗಿದ: “ಕತ್ತೆ ಕೊಡೇ, ಬೇಗ!”

ಯಾಪಿಲೆಯ ಕೈಯಿಂದ ಒನಕೆ ಬಿತ್ತು. ಆ ಊರುಗಳಲ್ಲಿ ಕುಶಲ ಕೇಳದೆ ಬಾಯಿ ತೆರೆಯುವವನು ಸಾವಿನ ಸುದ್ದಿ ತಂದವನು ಮಾತ್ರ.

“ಅಯ್ಯೋ, ಅವ್ವ ಹೋದ್ಲಾ!”

“ಅವ್ವಂಗೇನಾಗಿದೆ, ನಿನ್ನ ತಲೆ! ಸಂತೆಗೆ ಕಣೇ, ಈರುಳ್ಳಿ!”

ಅಳುವಿನ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ಕೇರಿಗೆ ಕೇರಿಯೇ ಎದೆ ಬಡಿದುಕೊಳ್ಳುತ್ತ ಗುಡ್ಡ ಹತ್ತಿತು. ಮೇಲೆ ಅವನ ಮುದುಕಿ ತಾಯಿ ಈರುಳ್ಳಿ ಜಜ್ಜುತ್ತ ಕೂತಿದ್ದಳು.

“ಯಾರ್ರೋ ಸತ್ತಿದ್ದು?” ಎಂದಳು. ವಿಷಯ ತಿಳಿದದ್ದೇ ಮಗನ ಕಿವಿ ಹಿಂಡಿದಳು. “ಬಂದೋರಲ್ಲಿ ಒಬ್ಬೊಬ್ಬರ ಹತ್ರಾನೂ ನಿಂತು ಕುಶಲ ಮಾತಾಡು. ಆಮೇಲೆ ನಿನ್ನ ಸಂತೆ.”

ನಲವತ್ತು ಜನ. ಒಗೊಬರಾ ಹಲ್ಲು ಕಚ್ಚಿಕೊಂಡು ಒಬ್ಬೊಬ್ಬರ ಮುಂದೆ ನಿಂತ. ಕೆಳಗೆ ಸಂತೆಯ ಲಾರಿ ಹಾರ್ನ್ ಹೊಡೆದು ಹೊರಟೇಹೋಯಿತು. ಕೊನೆಯವಳು ಯಾಪಿಲೆ; ಕಣ್ಣು ಇನ್ನೂ ಒದ್ದೆ.

“ಅಣ್ಣಾ, ಅವ್ವ ಚೆನ್ನಾಗಿದ್ದಾಳಾ?”

ಬಾಯಿಪಾಠದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಒಗೊಬರಾ ಅದನ್ನು ತಡೆದು, ಜೀವಮಾನದಲ್ಲಿ ಮೊದಲ ಸಲ, ಉತ್ತರ ಕೊಡುವ ಮುಂಚೆ ತಿರುಗಿ ಅವ್ವನನ್ನು ನೋಡಿದ. ಆಮೇಲೆ ಹೇಳಿದ: “ಚೆನ್ನಾಗಿದ್ದಾಳೆ.”